ಪೆಡಲ್ ಎದ್ದಿರಲಿಲ್ಲ

ಅವಳಿಗೆ ಸೂಜಿ ಅಂತ ಹೆಸರಿಟ್ಟದ್ದು ಮೇಸ್ತ್ರಿ. ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಆ ಸರ್ವಿಸ್ ಸೆಂಟರಿನ ಶೆಡ್ಡಿಗೆ ಕಾಲಿಟ್ಟ ದಿನವೇ ಅದು ಗೇಟಿನ ಹೊರಗೆ ಉಳಿಯಿತು. ಇದಕ್ಕೆ ಮೊದಲು ಏನು ಮಾಡ್ತಿದ್ದೆ ಎಂದು ಮೇಸ್ತ್ರಿ ಕೇಳಿದರು. ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲೀತಿದ್ದೆ, ಕಾರ್ಖಾನೆ ಮುಚ್ಚಿಹೋಯ್ತು ಅಂದಳು.

‘ಕಾಲರ್ ಹೊಲಿಯೋ ಕೈ ಗೇರ್‌ಬಾಕ್ಸ್ ಎತ್ತುತ್ತಾ? ಜೋರಾಗಿ ಗಾಳಿ ಬಂದ್ರೆ ನೀನೇ ಹಾರಿಹೋಗ್ತೀಯ. ನೋಡೋಕೂ ಸೂಜಿ, ಮಾಡಿದ ಕೆಲಸಾನೂ ಸೂಜಿ’ ಎಂದು ಮೇಸ್ತ್ರಿ ನಕ್ಕರು. ಸುತ್ತ ನಿಂತವರೂ ನಕ್ಕರು. ಅವಳು ನಗಲಿಲ್ಲ. ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡಳು, ಏಕೆಂದರೆ ಅವರು ಮುಂದೆ ಹೇಳುವುದು ಅದನ್ನೇ ಎಂದು ಅವಳಿಗೆ ಗೊತ್ತಿತ್ತು.

ತರಬೇತಿ ಅನ್ನುವ ಮಾತು ಕೇಳಲು ಬಹಳ ಚೆಂದ. ಗೋಡೆಗೆ ಅಂಟಿಸಿದ್ದ ಜಾಹೀರಾತಿನಲ್ಲಿ ಬಿಳಿ ಕೈಗವಸು ತೊಟ್ಟ ಹುಡುಗಿಯೊಬ್ಬಳು ಎಂಜಿನ್ ಮೇಲೆ ಬಾಗಿ, ಹಲ್ಲು ಕಾಣಿಸುತ್ತಾ ನಗುತ್ತಿದ್ದಳು. ಶೆಡ್ಡಿನೊಳಗೆ ಅಂಥ ಕೈಗವಸು ಯಾರೂ ಕಂಡಿರಲಿಲ್ಲ. ಬೆಳಗಿನ ಹೊತ್ತು ಮೇಲಿನ ಕೋಣೆಯಲ್ಲಿ ಪರದೆಯ ಮೇಲೆ ಚಿತ್ರಗಳು. ಆಮೇಲೆ ಸಂಜೆಯವರೆಗೆ ಕಸ, ಹಳೆ ಎಣ್ಣೆ, ತುಕ್ಕು ಹಿಡಿದ ಬೋಲ್ಟುಗಳು. ಪೂರ್ತಿ ಕೆಲಸಗಾರನಿಗೆ ಪೂರ್ತಿ ಸಂಬಳ ಕೊಡಬೇಕಾಗುತ್ತದೆ. ಕಲಿಯುವವರಿಗೆ ಕಲಿಸುತ್ತಿದ್ದೇವಲ್ಲ, ಅದೇ ದೊಡ್ಡ ಉಪಕಾರ ಅಂದರಾಯಿತು. ಹೀಗೆ ಉಪಕಾರದ ಮೇಲೆ ಉಪಕಾರ ಮಾಡಿ ಆ ಮಾಲೀಕರು ಇನ್ನೊಂದು ಶೆಡ್ಡು ಕಟ್ಟಿಸಿದ್ದರು.

ಆದರೂ ಕೆಲಸ ಅವಳ ಕೈಗೆ ಹತ್ತಿತು. ಕಾಲರ್ ತಿರುವುವಾಗ ಬೆರಳ ತುದಿಯಲ್ಲಿ ಬಟ್ಟೆಯ ಮಡಿಕೆ ಹುಡುಕುತ್ತಿದ್ದವಳು, ಈಗ ಕಣ್ಣಿಗೆ ಕಾಣದ ಜಾಗದಲ್ಲಿ ಬೋಲ್ಟಿನ ತಲೆ ಹುಡುಕಿದಳು. ಬಿಸಿ ಸೈಲೆನ್ಸರ್ ತಾಗಿ ಮುಂಗೈ ಸುಟ್ಟುಕೊಂಡಳು. ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಬಗ್ಗಲಿಲ್ಲ. ‘ಈ ಕೈ ಇಟ್ಕೊಂಡು ಯಾರ ಮನೆಗಾದ್ರೂ ಹೋಗೋ ಹಾಗಿದೆಯಾ? ಇದ್ದಿಲು ಮಾರೋಳು ಬಂದ್ಳು ಅಂತಾರೆ’ ಎಂದು ಅಮ್ಮ ಗೊಣಗುವಳು. ಗೊಣಗುತ್ತಲೇ ರಾತ್ರಿ ಆ ಕೈಗೆ ಎಣ್ಣೆ ಹಚ್ಚುವಳು. ಒಂದೇ ಕೋಣೆಯ ಮನೆ. ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಅದರ ಮೇಲೆ ಮಡಚಿಟ್ಟ ಹಾಸಿಗೆ. ತರಬೇತಿ ಮುಗಿದು ಪ್ರಮಾಣಪತ್ರ ಕೈಗೆ ಬಂದರೆ ಅಲ್ಲೇ ಕಾಯಂ ಕೆಲಸ ಎಂದು ಮ್ಯಾನೇಜರ್ ಹೇಳಿದ್ದರು. ಅಮ್ಮ ಆ ಮಾತನ್ನು ಅಕ್ಕಪಕ್ಕದ ಮನೆಗಳಿಗೆಲ್ಲ ಹೇಳಿ ಬಂದಿದ್ದಳು. ಹಾಗಾಗಿ ಅದು ಆಗಲೇಬೇಕಿತ್ತು.

ಮೇಸ್ತ್ರಿ ಬಾಯಿ ಹೊಲಸು, ಕೈ ಶುದ್ಧ. ಬೈದರೆ ಕಿವಿ ಮುಚ್ಚಿಕೊಳ್ಳಬೇಕು, ಆದರೆ ಒಂದು ಕೆಲಸವನ್ನು ಮೂರು ಸಲ ತೋರಿಸಲು ಬೇಜಾರು ಮಾಡುತ್ತಿರಲಿಲ್ಲ. ಬೇರೆ ಹಿರಿಯರು ಗುಟ್ಟು ಬಿಟ್ಟುಕೊಡದೆ ಬೆನ್ನು ತಿರುಗಿಸಿ ಕೆಲಸ ಮಾಡಿದರೆ, ಮೇಸ್ತ್ರಿ ಅವಳ ಕೈಯನ್ನೇ ಹಿಡಿದು ಸ್ಪ್ಯಾನರಿನ ಮೇಲಿಟ್ಟು, ‘ಇಲ್ಲಿ ಬಿಗೀತು ಅಂತ ಕೈಗೇ ಗೊತ್ತಾಗ್ಬೇಕು. ಆಮೇಲೂ ಎಳೆದ್ರೆ ಬೋಲ್ಟಿನ ಸುತ್ತುಗೆರೆ ಹರಿದು ಕೂರುತ್ತೆ’ ಎನ್ನುವರು.

ಅವರು ತಂದಿದ್ದ ಒಂದು ಪದ್ಧತಿ ಆ ಶೆಡ್ಡಿನಲ್ಲಿತ್ತು. ಕಾರಿನ ಚಕ್ರವನ್ನು ಒತ್ತಿ ನಿಲ್ಲಿಸುವ ಬ್ರೇಕ್ ಪ್ಯಾಡ್ ಸವೆದಾಗ ಹೊಸದು ಹಾಕುತ್ತಾರೆ. ಹೊಸದು ದಪ್ಪ, ಅದು ಕೂರಲು ಜಾಗ ಬೇಕೆಂದು ಹಿಂದಿನಿಂದ ಅದನ್ನು ಒತ್ತುವ ಪಿಸ್ಟನ್ನನ್ನು ಒಳಕ್ಕೆ ತಳ್ಳುತ್ತಾರೆ. ಚಕ್ರ ಹಾಕಿ ನಟ್ಟು ಬಿಗಿದರೂ ಕೆಲಸ ಮುಗಿದಿರುವುದಿಲ್ಲ. ಒಳಕ್ಕೆ ಹೋದ ಪಿಸ್ಟನ್ ಮತ್ತೆ ಮುಂದೆ ಬಂದು ಪ್ಯಾಡಿಗೆ ತಾಗಬೇಕು. ಅದಕ್ಕೆ ಕಾರೊಳಗೆ ಕೂತು ಬ್ರೇಕ್ ಪೆಡಲನ್ನು ಮತ್ತೆ ಮತ್ತೆ ಒತ್ತಬೇಕು. ಮೊದಲ ಒತ್ತಿಗೆ ಪೆಡಲ್ ಕೆಸರಿಗೆ ಕಾಲಿಟ್ಟ ಹಾಗೆ ತಳಕ್ಕೆ ಹೋಗುತ್ತದೆ. ಎರಡನೆಯದಕ್ಕೆ ಸ್ವಲ್ಪ ತಡೆ. ಮತ್ತೂ ಒತ್ತಿದರೆ ನಿಧಾನಕ್ಕೆ ಮೇಲೇಳುತ್ತದೆ, ಕಲ್ಲಾಗುತ್ತದೆ. ಶೆಡ್ಡಿನ ಭಾಷೆಯಲ್ಲಿ ಇದಕ್ಕೆ ‘ಪೆಡಲ್ ಎದ್ದಿತು’ ಅನ್ನುವುದು. ಏಳುವ ಮೊದಲು ಕಾರು ಕದಲಿಸಿದರೆ ನಿಲ್ಲಿಸಲು ಏನೂ ಇರುವುದಿಲ್ಲ. ಒಮ್ಮೆ ಎದ್ದುಬಿಟ್ಟರೆ, ಅದು ಮಲಗಿತ್ತು ಅನ್ನುವುದಕ್ಕೆ ಗುರುತೇ ಉಳಿಯುವುದಿಲ್ಲ.

ಅದಕ್ಕೇ ಮೇಸ್ತ್ರಿಯ ಕೆಂಪು ಬಟ್ಟೆ. ಪ್ಯಾಡಿಗೆ ಕೈ ಹಾಕುವ ಮೊದಲು ಸ್ಟಿಯರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟಬೇಕು. ಪೆಡಲ್ ಎದ್ದ ಮೇಲೆ, ಕಟ್ಟಿದವರೇ ಬಿಚ್ಚಬೇಕು. ಬಟ್ಟೆ ಇರುವ ಕಾರನ್ನು ಮಾಲೀಕರೇ ಬಂದರೂ ಮುಟ್ಟುವ ಹಾಗಿಲ್ಲ. ಚಿಂದಿ ಬಟ್ಟೆಗಳ ನೂಲು ಎದ್ದು ಸ್ಟಿಯರಿಂಗಿಗೆ ಸುತ್ತಿಕೊಳ್ಳುವುದನ್ನು ನೋಡಲಾಗದೆ ಸೂಜಿ ಒಂದು ಭಾನುವಾರ ಅವನ್ನೆಲ್ಲ ಮನೆಗೆ ಒಯ್ದು, ಅಂಚು ಮಡಚಿ ಹೊಲಿದು ತಂದಳು. ‘ಅಯ್ಯೋ, ಗ್ಯಾರೇಜಿಗೆ ಕರವಸ್ತ್ರ ಬಂತಲ್ಲೋ!’ ಎಂದು ಮೇಸ್ತ್ರಿ ಒಂದನ್ನು ಎತ್ತಿ ಮೂಗು ಒರೆಸುವ ನಾಟಕ ಆಡಿದರು. ಆದರೆ ಅಂದಿನಿಂದ ಯಾರಾದರೂ ಅದರಲ್ಲಿ ಎಣ್ಣೆ ಕೈ ಒರೆಸಿದರೆ ಮೊದಲು ಬೈಯುತ್ತಿದ್ದವರೂ ಅವರೇ.

ಶೆಡ್ಡಿನ ಬಾಗಿಲಾಚೆ ಇಳಿಜಾರು. ಇಳಿಜಾರಿನ ಕೆಳಗೆ ಕಾರು ತೊಳೆಯುವ ಜಾಗ. ಅಲ್ಲಿ ಇಬ್ಬರು. ಒಬ್ಬ ನೀರಣ್ಣ, ವಯಸ್ಸಾದವ, ಹಿಂದೆ ನೀರಿನ ಟ್ಯಾಂಕರ್ ಓಡಿಸಿದವ. ಇನ್ನೊಬ್ಬ ಅವನ ಹೆಂಡತಿಯ ತಮ್ಮ. ಸೋಪಿನ ನೊರೆಯಲ್ಲಿ ಸದಾ ಮುಳುಗಿರುತ್ತಿದ್ದ ಅವನನ್ನು ಎಲ್ಲರೂ ನೊರೆ ಎಂದೇ ಕರೆಯುತ್ತಿದ್ದರು. ಅವನ ಬಾಯಿ ಸುಮ್ಮನಿದ್ದದ್ದೇ ಇಲ್ಲ. ಒಂದೋ ಹಾಡು, ಇಲ್ಲವೇ ಭಾವನ ಕಾಲೆಳೆಯುವುದು. ‘ನಮ್ಮ ಭಾವ ಟ್ಯಾಂಕರ್ ಓಡಿಸಿದ್ರೆ ಒಳಗಿನ ನೀರು ಅಲುಗಾಡ್ತಾನೇ ಇರ್ಲಿಲ್ಲ. ನೀರಿಗೆ ನಿದ್ದೆ ಬಂದ್ಬಿಡ್ತಿತ್ತು!’

ಕಾರುಗಳನ್ನು ಶೆಡ್ಡಿನಿಂದ ಕೆಳಗಿಳಿಸಲು ಮೊದಲು ಒಬ್ಬ ಡ್ರೈವರ್ ಇದ್ದ. ಹೊಸ ಮ್ಯಾನೇಜರ್ ಬಂದವರೇ ಆ ಹುದ್ದೆಯನ್ನು ತೆಗೆದರು. ‘ನೀರಣ್ಣಂಗೆ ಓಡಿಸೋಕೆ ಬರುತ್ತಲ್ಲ’ ಅಂದರು. ಒಂದು ಸಂಬಳ ಉಳಿಯಿತು. ನೀರಣ್ಣ ಸಂತೋಷದಿಂದಲೇ ಒಪ್ಪಿಕೊಂಡ, ಸ್ಟಿಯರಿಂಗ್ ಹಿಡಿಯಲು ಸಿಕ್ಕಿತಲ್ಲ ಎಂದು.

ಆ ದಿನ ದೊಡ್ಡ ಕಚೇರಿಯಿಂದ ಶೆಡ್ಡು ನೋಡಲು ಜನ ಬರುವವರಿದ್ದರು. ಬೆಳಗ್ಗೆಯಿಂದ ನೆಲ ಉಜ್ಜಿದ್ದೇ ಉಜ್ಜಿದ್ದು. ಸೂಜಿಗೆ ಮೊದಲ ಸಲ ಒಬ್ಬಳೇ ಪ್ಯಾಡ್ ಬದಲಿಸಲು ಒಂದು ಬಿಳಿ ಕಾರು ಕೊಟ್ಟಿದ್ದರು. ಸ್ಟಿಯರಿಂಗಿಗೆ ಬಟ್ಟೆ ಕಟ್ಟಿ, ಎರಡು ಗಂಟು ಹಾಕಿ, ಕೆಲಸ ಶುರು ಮಾಡಿದಳು. ಮುಂದಿನ ಎರಡೂ ಚಕ್ರದ ಪ್ಯಾಡ್ ಹೊಸದಾದವು. ಚಕ್ರ ಕೂರಿಸಿ, ನಟ್ಟು ಬಿಗಿದು, ಇನ್ನೇನು ಒಳಗೆ ಕೂತು ಪೆಡಲ್ ಒತ್ತಬೇಕು, ಅಷ್ಟರಲ್ಲಿ ಪಕ್ಕದಲ್ಲಿ ಕಾರು ಎತ್ತಿ ನಿಲ್ಲಿಸಿದ್ದ ಲಿಫ್ಟಿನ ಕೆಳಗಿನಿಂದ ಒಬ್ಬ ಕೂಗಿದ: ‘ಏ ಸೂಜಿ, ಓಡಿ ಬಾರೇ! ಗೇರ್‌ಬಾಕ್ಸ್ ಜಾರ್ತಾ ಇದೆ, ಭುಜ ಕೊಡು!’

ಓಡಿದಳು. ಜಾರುವ ಗೇರ್‌ಬಾಕ್ಸ್ ಯಾರನ್ನೂ ಕಾಯುವುದಿಲ್ಲ. ಹೇಗೂ ಬಟ್ಟೆ ಕಟ್ಟಿದೆಯಲ್ಲ.

ಆ ಭಾರಕ್ಕೆ ಭುಜ ಕೊಟ್ಟು ಕುತ್ತಿಗೆ ಬಗ್ಗಿಸಿ ನಿಂತವಳಿಗೆ ಕಾಣುತ್ತಿದ್ದದ್ದು ನೆಲ, ಓಡಾಡುವವರ ಮೊಣಕಾಲು ಅಷ್ಟೇ. ಮ್ಯಾನೇಜರ್‌ ಧ್ವನಿ ಕೇಳಿಸಿತು: ‘ಏನ್ರೀ ಇದು, ಎಲ್ಲಾ ಕಾರಿಗೂ ಚಿಂದಿ ನೇತು ಹಾಕಿದೀರಿ? ಬರೋರು ಇದನ್ನ ಸರ್ವಿಸ್ ಸೆಂಟರ್ ಅಂದ್ಕೋಬೇಕಾ, ಬಟ್ಟೆ ಒಣಗಿಸೋ ಹಿತ್ತಿಲು ಅಂದ್ಕೋಬೇಕಾ? ತೆಗೀರಿ ಎಲ್ಲಾನೂ, ಈಗಲೇ!’ ಆಮೇಲೆ ಕಾರಿನ ಬಾಗಿಲುಗಳು ಒಂದಾದ ಮೇಲೊಂದು ತೆರೆದು ಮುಚ್ಚಿದ ಸದ್ದು. ಹಿಮ್ಮಡಿ ಸವೆದ ಮೇಸ್ತ್ರಿಯ ಬೂಟುಗಳು ಅವಳ ಮುಂದೆಯೇ ಹಾದುಹೋದವು. ಕೈಯಿಂದ ಜೋತಾಡುತ್ತಿದ್ದ ಕೆಂಪು ಬಟ್ಟೆಗಳ ಅಂಚು ಕಂಡಿತು. ಅವಳೇ ಹೊಲಿದ ಅಂಚು.

ಬಾಯಿ ತೆರೆಯಬಹುದಿತ್ತು. ‘ಮೇಸ್ತ್ರಿ, ಬಿಳಿ ಕಾರಿಂದು ಎದ್ದಿಲ್ಲ’ ಅನ್ನಬಹುದಿತ್ತು. ಅನ್ನಲಿಲ್ಲ. ಪೆಡಲ್ ಒತ್ತದೆ ಮೇಸ್ತ್ರಿ ಬಟ್ಟೆ ಬಿಚ್ಚುತ್ತಾರೆ ಎಂಬ ಯೋಚನೆಯೇ ಅವಳ ತಲೆಗೆ ಬರಲಿಲ್ಲ. ನಿಯಮ ಮಾಡಿದವರೇ ಅವರಲ್ಲವೇ?

ಕೆಳಗಿನಿಂದ ನೊರೆಯ ಹಾಡು ಕೇಳಿಸುತ್ತಿತ್ತು. ಬಿಳಿ ಕಾರು ಬಂದವರ ಕಣ್ಣಿಗೆ ಪಳಪಳ ಹೊಳೆಯಲಿ ಎಂದು, ಬೇಗ ತೊಳೆಸಿ ತರಲು ನೀರಣ್ಣನಿಗೆ ಹೇಳಿದ್ದರು. ನೀರಣ್ಣ ಬಂದ. ಸ್ಟಿಯರಿಂಗ್ ನೋಡಿದ, ಬಟ್ಟೆ ಇರಲಿಲ್ಲ. ಕೂತ, ಕಾರು ಚಾಲೂ ಮಾಡಿದ, ಹ್ಯಾಂಡ್‌ಬ್ರೇಕ್ ಇಳಿಸಿದ, ಮೆಲ್ಲಗೆ ಬಾಗಿಲು ದಾಟಿಸಿದ. ಇಳಿಜಾರಿಗೆ ಬಂದ ಮೇಲೆ ಬ್ರೇಕಿನ ಮೇಲೆ ಕಾಲಿಟ್ಟ.

ಹಾಡು ನಿಂತಿತು. ಆಮೇಲೆ ಕೇಳಿಸಿದ ಸದ್ದನ್ನು ಸೂಜಿ ಮುಂದೆ ಯಾರಿಗೂ ವಿವರಿಸಲಿಲ್ಲ.

ತೊಳೆಯುವ ಜಾಗದ ಗೋಡೆಗೂ ಕಾರಿಗೂ ನಡುವೆ ನೊರೆಯ ಎರಡೂ ಕಾಲು ಸಿಕ್ಕಿದ್ದವು. ಕಾರನ್ನು ಕೈಯಿಂದಲೇ ಹಿಂದೆ ನೂಕಿ ಅವನನ್ನು ಬಿಡಿಸಿದರು, ಯಾರದೋ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಆಸ್ಪತ್ರೆಗೆ ಒಯ್ದರು. ತೊಳೆಯುವ ಜಾಗದಲ್ಲಿ ಪೈಪು ಹಾಗೇ ಬಿದ್ದಿತ್ತು. ನೀರು ಹರಿದು, ಕೆಂಪು ತೆಳುವಾಗುತ್ತಾ ಆಗುತ್ತಾ ಚರಂಡಿ ಸೇರಿತು.

ನೀರಣ್ಣ ಕಾರಿನ ಪಕ್ಕ ನಿಂತು ಒಂದೇ ಮಾತು ಹೇಳುತ್ತಿದ್ದ. ‘ಒತ್ತಿದೆ ಸಾರ್. ಕಾಲು ತಳಕ್ಕೆ ಹೋಯ್ತು. ಏನೂ ಇರ್ಲಿಲ್ಲ ಸಾರ್ ಅಲ್ಲಿ, ಏನೂ ಇರ್ಲಿಲ್ಲ.’

ಮ್ಯಾನೇಜರ್ ಕಾರೊಳಗೆ ಕೂತು ಪೆಡಲ್ ಒತ್ತಿದರು. ‘ಕಲ್ಲಿನ ಹಾಗಿದೆಯಲ್ರೀ! ಬಾ ಇಲ್ಲಿ. ನೀನೇ ಒತ್ತು.’

ನೀರಣ್ಣ ಕೂತ. ಒತ್ತಿದ. ಪೆಡಲ್ ಅಲ್ಲಾಡಲಿಲ್ಲ. ಇಳಿಜಾರಿನಲ್ಲಿ ಜೀವ ಬಾಯಿಗೆ ಬಂದು ಅವನು ತುಳಿದ ತುಳಿತಗಳೇ ಅದನ್ನು ಎಬ್ಬಿಸಿಬಿಟ್ಟಿದ್ದವು. ಇನ್ನೊಮ್ಮೆ ಒತ್ತಿ ನೋಡಿದ. ಆಮೇಲೆ ತಲೆ ಬಗ್ಗಿಸಿ ತನ್ನ ಬಲಗಾಲನ್ನು ನೋಡಿದ, ಅದು ಯಾರೋ ಬೇರೆಯವರದು ಎಂಬಂತೆ.

‘ಬ್ರೇಕ್ ಅಂತ ಆಕ್ಸಿಲರೇಟರ್ ಒತ್ತಿದೀಯ. ವಯಸ್ಸಾಯ್ತಲ್ಲ’ ಅಂದರು ಮ್ಯಾನೇಜರ್, ಬಹಳ ಮೆತ್ತಗೆ.

ಶೆಡ್ಡಿನ ಜನವೆಲ್ಲ ಅಲ್ಲೇ ನಿಂತಿತ್ತು. ಪ್ಯಾಡ್ ಬದಲಿಸಿದ ಕಾರು ಅದು ಎಂದು ಎಲ್ಲರಿಗೂ ಗೊತ್ತು. ಜೀವಮಾನದಲ್ಲಿ ಒಮ್ಮೆ ಪ್ಯಾಡ್ ಹಾಕಿದ ಯಾವನಿಗಾದರೂ ಆ ಕ್ಷಣವೇ ತಿಳಿಯುವ ಸಂಗತಿ ಅದು. ಮ್ಯಾನೇಜರಿಗೂ ಗೊತ್ತು, ಅವರೂ ಅದೇ ಕೆಲಸದಿಂದ ಮೇಲೆ ಬಂದವರು. ಆದರೆ ಒಬ್ಬ ನೆಲ ನೋಡಿದ, ಇನ್ನೊಬ್ಬ ಚಾವಣಿ ನೋಡಿದ, ಮತ್ತೊಬ್ಬನಿಗೆ ತಟ್ಟನೆ ಸ್ಪ್ಯಾನರ್ ಒರೆಸುವ ಕೆಲಸ ನೆನಪಾಯಿತು. ಒಂದು ಮಾತಿಗೆ ಅಷ್ಟು ಜನರ ಬಾಯಿ ಒಟ್ಟಿಗೆ ಹೊಲಿದುಹೋಗುವುದನ್ನು ಕಾಣಲು ಕಾಡಿಗೇನೂ ಹೋಗಬೇಕಾಗಿಲ್ಲ. ಸಂಬಳ ಬರುವ ಯಾವ ಜಾಗಕ್ಕೆ ಹೋದರೂ ಸಾಕು.

ಸೂಜಿಯೂ ಬಾಯಿ ತೆರೆಯಲಿಲ್ಲ. ಅವಳ ಭುಜ ಇನ್ನೂ ಆ ಗೇರ್‌ಬಾಕ್ಸಿನ ಭಾರಕ್ಕೆ ನಡುಗುತ್ತಿತ್ತು.

ಮರುದಿನ ಹಳೆ ಟಯರುಗಳ ರಾಶಿಯ ಹಿಂದೆ ಮೇಸ್ತ್ರಿ ಅವಳನ್ನು ಕರೆದರು. ಅವರ ಕಣ್ಣು ಕೆಂಪಾಗಿತ್ತು.

‘ಒತ್ತಲಿಲ್ಲ ಕಣೆ. ಮ್ಯಾನೇಜರ್ ಬೆನ್ನಿಗೇ ನಿಂತಿದ್ರು. ಒಂದೊಂದಾಗಿ ಕಿತ್ತುಕೊಂಡು ಹೋದೆ. ಬಿಳಿ ಕಾರಿಂದು ಚಕ್ರ ಹಾಕಿತ್ತಲ್ಲ, ನೀನು ಮುಗಿಸಿರ್ತೀಯ ಅಂದ್ಕೊಂಡೆ.’

‘ನಾನು ನೀವು ಒತ್ತಿರ್ತೀರ ಅಂದ್ಕೊಂಡೆ ಮೇಸ್ತ್ರಿ.’

ಮೇಸ್ತ್ರಿ ಒಂದು ಹಳೆ ಟಯರಿನ ಮೇಲೆ ಕೂತರು.

‘ತನಿಖೆಗೆ ದೊಡ್ಡ ಕಚೇರಿಯಿಂದ ಜನ ಬರ್ತಾರಂತೆ. ನಂಗೆ ಈ ಕೆಲಸ ಬಿಟ್ಟು ಬೇರೆ ಗೊತ್ತಿಲ್ಲ. ಈ ವಯಸ್ಸಲ್ಲಿ ಯಾರು ಇಟ್ಕೋತಾರೆ? ನೀನೂ ಸಿಕ್ಕಿಹಾಕ್ಕೋತೀಯ. ನೀರಣ್ಣ ಹೇಗೂ ಹೋದ ಹಾಗೇ ಲೆಕ್ಕ. ಮುಳುಗಿದ ದೋಣಿಗೆ ನಾವೂ ಯಾಕೆ ಹತ್ಬೇಕು?’

ಮಧ್ಯಾಹ್ನ ಮ್ಯಾನೇಜರ್ ಕರೆಸಿದರು. ಎಂದೂ ಇಲ್ಲದ ಹಾಗೆ ಕೂತ್ಕೋ ಅಂದರು. ‘ನಿನ್ನ ತರಬೇತಿ ಇನ್ನೇನು ಮುಗೀತಾ ಬಂತು. ನಮ್ಮಲ್ಲಿ ಪಾಸಾಗೋ ಮೊದಲನೇ ಹುಡುಗಿ ನೀನು. ನಿನ್ನ ಫೋಟೋ ಆ ಗೋಡೆಗೆ ಹಾಕಿಸ್ಬೇಕು ಅಂತಿದೀನಿ. ಕೇಳಿದ್ರೆ ಇಷ್ಟೇ ಹೇಳು: ಕೆಲಸ ಮುಗಿಸಿದ್ದೆ, ಪೆಡಲ್ ಸರಿಯಾಗಿತ್ತು. ಅಷ್ಟಕ್ಕೆ ಬಾಯಿ ಮುಚ್ಚು.’

ಸಂಜೆ ಆಸ್ಪತ್ರೆಗೆ ಹೋದಳು. ನೊರೆಯ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಬಲಗಾಲಿನಲ್ಲಿ ಕಬ್ಬಿಣದ ಸರಳು. ಒಳಗೆ ಅವನ ಅಕ್ಕ, ನೀರಣ್ಣನ ಹೆಂಡತಿ, ಪಕ್ಕದಲ್ಲಿದ್ದಳು. ನೀರಣ್ಣ ಹೊರಗಿನ ಓಣಿಯ ಬೆಂಚಿನ ಮೇಲೆ ಕೂತಿದ್ದ. ಹೆಂಡತಿ ಒಳಗೆ ಬಿಟ್ಟುಕೊಂಡಿರಲಿಲ್ಲ.

ಅವನ ಬಲಗಾಲು ನೆಲದ ಮೇಲೆ ಏನೋ ಮಾಡುತ್ತಿತ್ತು. ಮೊದಲು ಕಾಯಿಲೆಯ ನಡುಕ ಅಂದುಕೊಂಡಳು. ಹತ್ತಿರ ಹೋದ ಮೇಲೆ ತಿಳಿಯಿತು. ಅಲ್ಲಿಲ್ಲದ ಪೆಡಲುಗಳ ಮೇಲೆ ಅವನು ಕಾಲಿಟ್ಟು ತೆಗೆದು ಮಾಡುತ್ತಿದ್ದ. ನಡುವೆ, ಬಲಕ್ಕೆ. ನಡುವೆ, ಬಲಕ್ಕೆ.

‘ಬಾ ಮಗಳೇ. ನೀನು ಕಲಿತವಳು, ಒಂದು ಹೇಳು. ಟ್ಯಾಂಕರ್ ಓಡಿಸಿದ ಕಾಲು ಇದು. ಕತ್ತಲಲ್ಲೂ ತಪ್ಪಿಲ್ಲ, ಜ್ವರದಲ್ಲೂ ತಪ್ಪಿಲ್ಲ. ನಿನ್ನೆ ನಡುವಿನದನ್ನೇ ಒತ್ತಿದೆ ಅಂತ ನಂಗೆ ಅನ್ಸುತ್ತೆ. ಆದ್ರೆ ಆಮೇಲೆ ಒತ್ತಿದ್ರೆ ಕಲ್ಲಿನ ಹಾಗಿತ್ತಲ್ಲ? ಹಾಗಾದ್ರೆ ನಾನೇ ತಪ್ಪಿರ್ಬೇಕು. ಮನುಷ್ಯನ ಕಾಲು ಅವನಿಗೇ ಸುಳ್ಳು ಹೇಳುತ್ತಾ?’

ಅವಳು ಬೆಂಚಿನ ತುದಿಯಲ್ಲಿ ಕೂತಿದ್ದಳು. ‘ನಾಳೆ ಬರ್ತೀನಿ ನೀರಣ್ಣ’ ಎಂದು ಎದ್ದುಬಿಟ್ಟಳು. ಓಣಿಯ ತುದಿಯಲ್ಲಿ ತಿರುಗಿ ನೋಡಿದರೆ ಕಾಲು ಮತ್ತೆ ಶುರುವಾಗಿತ್ತು.

ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಎಲ್ಲ ಹೇಳಿದಳು. ಅಮ್ಮ ತಟ್ಟೆ ಬದಿಗಿಟ್ಟಳು.

‘ಬಾಯಿಗೆ ಬೀಗ ಹಾಕ್ಕೊಂಡಿರು. ಕಾರ್ಖಾನೆ ಮುಚ್ಚಿದಾಗ ನಾವು ಹೇಗಿದ್ವಿ ಅಂತ ಮರೆತೆಯಾ? ನೀನು ಹೇಳಿದ್ರೆ ಆ ಹುಡುಗನ ಕಾಲು ಬೆಳೆಯುತ್ತಾ?’

‘ಬೆಳೆಯಲ್ಲ.’

‘ಮತ್ತೆ?’

‘ನೀರಣ್ಣನ ಕಾಲು ಇನ್ನೂ ಇದೆಯಲ್ಲಮ್ಮ. ಅದನ್ನ ಅವನು ಕೂತಲ್ಲೇ ಕೊಂಚ ಕೊಂಚ ಕತ್ತರಿಸ್ಕೋತಿದಾನೆ.’

ಅಮ್ಮ ಎಣ್ಣೆಯ ಬಟ್ಟಲು ತಂದು ಅವಳ ಕೈ ಎಳೆದುಕೊಂಡಳು, ಎಂದಿಗಿಂತ ಗಟ್ಟಿಯಾಗಿ ಉಜ್ಜಿದಳು.

ತನಿಖೆ ನಡೆದದ್ದು ಗಿರಾಕಿಗಳು ಕಾಯುವ ಕೋಣೆಯಲ್ಲಿ. ಮೆತ್ತನೆ ಕುರ್ಚಿ, ತಣ್ಣನೆ ಗಾಳಿ, ಗಾಜಿನ ಮೇಜು. ಎಣ್ಣೆ ಬಟ್ಟೆಯವರು ಆ ಕೋಣೆಗೆ ಕಾಲಿಡುವ ಹಾಗಿರಲಿಲ್ಲ; ಅಂದು ನೆಲದ ಮೇಲೆ ಹಳೆ ಪತ್ರಿಕೆ ಹಾಸಿ ಅದರ ಮೇಲೆ ನಿಲ್ಲಿಸಿದರು. ದೊಡ್ಡ ಕಚೇರಿಯ ಅಧಿಕಾರಿ ಕನ್ನಡಕ ಒರೆಸುತ್ತಾ ಕೇಳುತ್ತಾ ಹೋದರು. ನೀರಣ್ಣ ಮೊದಲು. ‘ನಾನೇ ತಪ್ಪು ಒತ್ತಿರ್ಬೇಕು ಸಾರ್’ ಅಂದ. ಯಾರೂ ಹೆದರಿಸಿರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಅವನು ನಂಬಿಬಿಟ್ಟಿದ್ದ.

‘ಇಲ್ಲ’ ಅಂದಳು ಸೂಜಿ. ಅವಳ ಸರದಿ ಇನ್ನೂ ಬಂದಿರಲಿಲ್ಲ.

‘ನೀರಣ್ಣ ಸರಿಯಾಗೇ ಒತ್ತಿದ. ಪೆಡಲ್ ಎದ್ದಿರ್ಲಿಲ್ಲ. ಪ್ಯಾಡ್ ಹಾಕಿದ್ದು ನಾನು. ಪೆಡಲ್ ಒತ್ತೋಕೆ ಮುಂಚೆ ಗೇರ್‌ಬಾಕ್ಸ್ ಹಿಡಿಯೋಕೆ ಕರೆದ್ರು, ಹೋದೆ. ಆದ್ರೆ ಸ್ಟಿಯರಿಂಗಿಗೆ ಕೆಂಪು ಬಟ್ಟೆ ಕಟ್ಟಿದ್ದೆ. ಬಟ್ಟೆ ಇದ್ರೆ ಇಲ್ಲಿ ಯಾರೂ ಕಾರು ಮುಟ್ಟಲ್ಲ. ಆ ಬಟ್ಟೆ ತೆಗೆಸಿದ್ದು ಮ್ಯಾನೇಜರ್ ಸಾರ್. ತೆಗೆದಿದ್ದು ಮೇಸ್ತ್ರಿ.’

ಕೋಣೆಯ ತಣ್ಣನೆ ಗಾಳಿ ಗುಂಯ್ ಎನ್ನುತ್ತಿತ್ತು. ಅಧಿಕಾರಿ ಕನ್ನಡಕ ಹಾಕಿಕೊಂಡರು. ‘ಬಟ್ಟೆ ಕಟ್ಟಬೇಕು ಅಂತ ಕಂಪನಿಯ ನಿಯಮ ಎಲ್ಲೂ ಇಲ್ಲವಲ್ಲ? ಮೇಸ್ತ್ರಿ, ಏನಿದು ಬಟ್ಟೆ?’

ಮೇಸ್ತ್ರಿ ಕಾಲ ಕೆಳಗಿನ ಪತ್ರಿಕೆಯನ್ನೇ ನೋಡುತ್ತಿದ್ದರು, ಓದುತ್ತಿದ್ದಾರೋ ಎಂಬಷ್ಟು ಗಮನವಿಟ್ಟು.

‘ಯಾವ ಬಟ್ಟೆ ಸಾರ್?’ ಅಂದರು.

ಸೂಜಿ ಅವರ ಮುಖ ನೋಡಿದಳು. ಅವರು ತಲೆ ಎತ್ತಲಿಲ್ಲ. ಅಧಿಕಾರಿ ಉಳಿದವರನ್ನು ಕೇಳಿದರು. ಕೈ ಒರೆಸೋ ಬಟ್ಟೆ ಇರುತ್ವೆ ಸಾರ್ ಅಂದ ಒಬ್ಬ. ಗೇರ್‌ಬಾಕ್ಸಿಗೆ ಭುಜ ಕೇಳಿದವನಿಗೆ ಅವತ್ತು ಯಾರನ್ನು ಕರೆದೆ ಎಂಬುದೇ ನೆನಪಿರಲಿಲ್ಲ.

‘ಸರಿ. ಪೆಡಲ್ ಪರೀಕ್ಷೆ ಮಾಡದೇ ಬಿಟ್ಟು ಹೋದೆ ಅಂತ ಈ ಹುಡುಗಿ ಅವಳ ಬಾಯಿಂದಲೇ ಒಪ್ಪಿಕೊಂಡಿದ್ದಾಳೆ’ ಎಂದರು ಅಧಿಕಾರಿ.

ಹೀಗೆ ಅವಳು ಹೇಳಿದ್ದರಲ್ಲಿ ಅರ್ಧವನ್ನು ಸತ್ಯವೆಂದು ಸ್ವೀಕರಿಸಲಾಯಿತು. ಅವಳ ಕೊರಳಿಗೆ ಬೀಳುವ ಅರ್ಧ. ಮೇಲಿನವರ ಕಡೆಗೆ ಹೊರಳಿದ ಅರ್ಧ, ಹೇಳಿದವಳ ಎದುರಿಗೇ ಸುಳ್ಳಾಯಿತು. ಬಡವರು ಸತ್ಯ ಹೇಳಬಾರದೆಂದು ಯಾರೂ ಅನ್ನುವುದಿಲ್ಲ. ಹೇಳಲಿ, ಧಾರಾಳವಾಗಿ ಹೇಳಲಿ, ತಮ್ಮ ಮೇಲೆ ಮಾತ್ರ ಹೇಳಿಕೊಳ್ಳಲಿ. ಸಂಜೆಯ ಹೊತ್ತಿಗೆ ತೀರ್ಮಾನ ಬಂತು. ತರಬೇತಿಯ ಹುಡುಗಿಯ ಬೇಜವಾಬ್ದಾರಿ. ಪ್ರಮಾಣಪತ್ರ ಇಲ್ಲ, ನಾಳೆಯಿಂದ ಬರಬೇಕಾಗಿಲ್ಲ. ನೀರಣ್ಣನ ತಪ್ಪಿಲ್ಲ, ಆದರೆ ತೊಳೆಯುವ ಕೆಲಸದವನು ಅನುಮತಿ ಇಲ್ಲದೆ ವಾಹನ ಓಡಿಸಿದ್ದು ತಪ್ಪು, ಅವನೂ ಬರಬೇಕಾಗಿಲ್ಲ. ನೊರೆಯ ಕಾಲಿನ ಬಗ್ಗೆ ಸಹಾನುಭೂತಿ ವ್ಯಕ್ತಪಡಿಸಿದರು.

ಬೀರುವಿನಲ್ಲಿದ್ದ ತನ್ನ ಬದಲಿ ಉಡುಪು, ಊಟದ ಡಬ್ಬಿ ತೆಗೆದುಕೊಂಡು ಸೂಜಿ ಹೊರಟಳು. ಮೇಸ್ತ್ರಿ ಯಾವುದೋ ಕಾರೊಳಗೆ ಕೂತಿದ್ದರು. ಪೆಡಲ್ ಒತ್ತುತ್ತಿದ್ದರು. ಅದು ಎದ್ದು ಎಷ್ಟೋ ಹೊತ್ತಾಗಿತ್ತು; ಕಲ್ಲಿನ ಮೇಲೆ ಬೂಟು ಬಡಿದ ಸದ್ದು ಬರುತ್ತಿತ್ತು. ಆದರೂ ಒತ್ತುತ್ತಲೇ ಇದ್ದರು, ಮುಂದಿನ ಗಾಜಿನಾಚೆ ಏನನ್ನೂ ನೋಡದೆ. ಅವಳು ಒಂದು ಗಳಿಗೆ ನಿಂತಳು. ಅವರು ಕಲಿಸಿದ ಕೈಯಲ್ಲೇ ಗೇಟು ತೆರೆದುಕೊಂಡು ಹೋದಳು.

ನೊರೆಯನ್ನು ಆಸ್ಪತ್ರೆಯಿಂದ ಅಕ್ಕನ ಮನೆಗೇ ಕರೆತಂದಿದ್ದರು. ಸೂಜಿ ಅಲ್ಲಿಗೆ ಹೋದಾಗ ಬಾಗಿಲು ತೆರೆದಿತ್ತು. ಬೀದಿಯ ನಲ್ಲಿಯ ಹತ್ತಿರ ನಿಂತವರು ಅವಳನ್ನು ಕಂಡು, ‘ಆ ಕುರುಡುಗಾಲಿನ ನೀರಣ್ಣನ ಮನೆಗಾ?’ ಎಂದು ಕೇಳಿಯೇ ದಾರಿ ತೋರಿಸಿದರು. ಒಳಗೆ ಗೋಡೆಗೆ ಒತ್ತಿದ ಮಂಚದ ಮೇಲೆ ನೊರೆ, ನೆಲದ ಮೇಲೆ ಒಲೆಯ ಹತ್ತಿರ ಅಕ್ಕ. ನೀರಣ್ಣ ಬಾಗಿಲ ಮೂಲೆಯಲ್ಲಿ, ಬಲಗಾಲನ್ನು ಮಡಚಿ ಪಂಚೆಯ ಒಳಗೆ ಸೇರಿಸಿಕೊಂಡು, ಯಾರಿಗೂ ಕಾಣದ ಹಾಗೆ.

‘ಬಾ ಸೂಜಿ’ ಅಂದ ನೊರೆ. ಮುಖ ಹಿಂಡಿಹೋಗಿತ್ತು, ಬಾಯಿ ಮಾತ್ರ ಹಾಗೇ ಇತ್ತು. ‘ನೋಡು, ಇನ್ಮೇಲೆ ನಂಗೆ ಒಂದೇ ಚಪ್ಪಲಿ ಸಾಕು. ನನ್ನಷ್ಟೇ ಅಳತೆಯ ಬಲಗಾಲಿಲ್ಲದವನು ಯಾರಾದ್ರೂ ಸಿಕ್ಕಿದ್ರೆ ಹೇಳು, ಜೋಡಿ ಹಂಚ್ಕೋತೀವಿ.’

ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಸೂಜಿ ಕೂರಲಿಲ್ಲ. ತನಿಖೆಯಲ್ಲಿ ಹೇಳಿದ್ದನ್ನೇ ನಿಂತುಕೊಂಡು ಹೇಳಿದಳು. ಹೊಸ ಪ್ಯಾಡು, ಒಳಗೆ ಹೋದ ಪಿಸ್ಟನ್ನು, ಏಳದ ಪೆಡಲು, ಕಟ್ಟಿದ ಬಟ್ಟೆ, ಬಿಚ್ಚಿದ ಬಟ್ಟೆ. ನೀರಣ್ಣ ಆ ಕೋಣೆಯಲ್ಲಿ ಇದನ್ನು ಕೇಳಿದ್ದ, ಆದರೆ ಅಂದು ಅದು ಅವನ ಕಿವಿಯೊಳಗೆ ಇಳಿದಿರಲಿಲ್ಲ, ಮನೆಯಲ್ಲೂ ಹೇಳಿರಲಿಲ್ಲ. ಪಾಪದ ಮುದುಕನ ಕೆಲಸ ಉಳಿಸಲು ಹುಡುಗಿ ಏನೋ ಹೇಳ್ತಿದಾಳೆ ಅಂದುಕೊಂಡಿದ್ದ. ಈಗ ಉಳಿಸಲು ಯಾರ ಕೆಲಸವೂ ಇರಲಿಲ್ಲ.

‘ಮೊದಲನೇ ಸಲ ಒತ್ತಿದಾಗ ತಳಕ್ಕೇ ಹೋಗುತ್ತಾ?’ ಎಂದು ಕೇಳಿದ.

‘ತಳಕ್ಕೇ ಹೋಗುತ್ತೆ.’

‘ಕೆಸರಿಗೆ ಕಾಲಿಟ್ಟ ಹಾಗೆ?’

‘ಹಾಗೇ.’

‘ಆಮೇಲೆ ತಾನೇ ಗಟ್ಟಿ ಆಗುತ್ತಾ?’

‘ನೀನು ತುಳಿದು ತುಳಿದು ಗಟ್ಟಿಯಾಯ್ತು ನೀರಣ್ಣ.’

ಅವನ ಪಂಚೆಯೊಳಗಿನ ಕಾಲು ನಿಧಾನಕ್ಕೆ ಹೊರಗೆ ಬಂತು. ನೆಲದ ಮೇಲೆ ಚಾಚಿಕೊಂಡಿತು.

‘ಅಂದ್ರೆ ನೀನು ಬಿಟ್ಟು ಹೋದೆ’ ಅಂದಳು ಅಕ್ಕ. ಸೆರಗು ಮುಖದಿಂದ ಸರಿದಿತ್ತು. ‘ನನ್ನ ತಮ್ಮನ ಕಾಲು ನೀನು ಬಿಟ್ಟುಹೋದ ಕೆಲಸಕ್ಕೆ ಹೋಯ್ತು. ಇಷ್ಟು ದಿನ ನಾನು ಈ ಮನುಷ್ಯನ ಮುಖ ನೋಡಿಲ್ಲ. ತಟ್ಟೆ ನೆಲಕ್ಕೆ ನೂಕಿದೀನಿ, ನಾಯಿಗೆ ಹಾಕಿದ ಹಾಗೆ. ಈಗ ಬಂದು ಹೇಳ್ತೀಯಾ?’

‘ಹೌದಕ್ಕ. ಬಟ್ಟೆ ಹೋಗ್ತಿರೋದನ್ನೂ ನೋಡಿದೆ. ಕೂಗಬಹುದಿತ್ತು. ಕೂಗಲಿಲ್ಲ.’

‘ಹಾಗಾದ್ರೆ ನಾನು ಯಾರಿಗೆ ಶಾಪ ಹಾಕ್ಲಿ?’ ಅಂದ ನೊರೆ. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ‘ಇಷ್ಟು ದಿನ ಒಬ್ಬನೇ ಇದ್ದ, ಮನೆಯಲ್ಲೇ ಇದ್ದ, ಸುಲಭ ಇತ್ತು. ಈಗ ನೀನು, ಮೇಸ್ತ್ರಿ, ಮ್ಯಾನೇಜರ್, ಡ್ರೈವರ್‌ನ ತೆಗೆದೋರು, ಬಟ್ಟೆ ನೋಡಿ ಮುಖ ಕಿವುಚೋ ದೊಡ್ಡ ಮನುಷ್ಯರು. ಅಷ್ಟೊಂದು ಜನಕ್ಕೆ ಬೈಯೋಕೆ ನನ್ನಲ್ಲಿ ಶಕ್ತಿ ಎಲ್ಲಿದೆ?’

‘ನನ್ನಿಂದ ಶುರು ಮಾಡು’ ಅಂದಳು ಸೂಜಿ.

ಅವನು ಅವಳನ್ನು ದಿಟ್ಟಿಸಿದ. ಆಮೇಲೆ ಭಾವನ ಚಾಚಿದ ಕಾಲನ್ನು ನೋಡಿದ. ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಗೋಡೆಗೇ ಹೇಳಿದ: ‘ಇಲ್ಲಿ ಹೇಳಿದ್ರೆ ಏನು ಬಂತು? ಬೀದಿಯಲ್ಲಿ ಮಕ್ಕಳೂ ಭಾವನ್ನ ಕುರುಡುಗಾಲು ಅಂತ ಕೂಗ್ತಾವೆ. ಹೊರಗೆ ಹೋಗಿ ಹೇಳು. ನಲ್ಲಿ ಹತ್ತಿರ ನಿಂತು ಹೇಳು. ನಂಗೂ ಇಲ್ಲಿಗೆ ಕೇಳ್ಬೇಕು.’

ಸೂಜಿ ಹೊಸ್ತಿಲು ದಾಟಿದಳು. ನಲ್ಲಿಯ ಹತ್ತಿರ ಬಿಂದಿಗೆ ಇಟ್ಟವರು, ಎದುರು ಅಂಗಡಿಯವನು, ಗೋಡೆಗೆ ಒರಗಿ ನಿಂತ ಇಬ್ಬರು ಮುದುಕರು. ಮೊದಲ ಮಾತು ಗಂಟಲಲ್ಲೇ ಉಳಿಯಿತು. ಎರಡನೆಯದಕ್ಕೆ ದನಿ ಸ್ವಲ್ಪ ಬಂತು. ಪೆಡಲ್ ಏಳುವುದು ಅಂದ್ರೇನಮ್ಮ ಎಂದು ಒಬ್ಬಳು ಕೇಳಿದಳು. ಅದು ನಿದ್ದೆ ಮಾಡ್ತಿತ್ತಾ ಎಂದು ಅಂಗಡಿಯವನು ನಕ್ಕ. ಅವಳು ನಿಲ್ಲಿಸಲಿಲ್ಲ. ಮೊದಲಿನಿಂದ ಶುರು ಮಾಡಿದಳು, ತನ್ನ ಹೆಸರಿನಿಂದ, ಅಮ್ಮ ಇಟ್ಟ ಹೆಸರಿನಿಂದ. ತುಂಬಿದ ಬಿಂದಿಗೆ ಹಾಗೇ ಉಕ್ಕಿ ಹರಿಯುತ್ತಿತ್ತು. ನಲ್ಲಿ ನಿಲ್ಲಿಸಲು ಯಾರಿಗೂ ತೋಚಲಿಲ್ಲ. ಒಬ್ಬ ಮುದುಕ ಮೆಲ್ಲನೆ ತನ್ನ ಬಲಗಾಲನ್ನು ನೆಲಕ್ಕೆ ಒತ್ತಿ ನೋಡಿಕೊಂಡ.

ಹೇಳಿ ಮುಗಿಸಿ ಅವಳು ಸುಮ್ಮನಾದಾಗ ಹಿಂದೆ ಯಾರೋ ಬಂದು ನಿಂತಂತಾಯಿತು. ನೀರಣ್ಣ, ಬರಿಗಾಲಲ್ಲಿ. ಎಷ್ಟೋ ದಿನಗಳ ಮೇಲೆ ಬೆಳಕಿಗೆ ಬಂದವನ ಹಾಗೆ ಕಣ್ಣು ಕಿರಿದು ಮಾಡಿಕೊಂಡಿದ್ದ.

‘ಇನ್ನೊಂದ್ಸಲ ಹೇಳು ಮಗಳೇ’ ಅಂದ. ‘ಮೂಲೆ ಮನೆಯವರು ಈಗ ತಾನೇ ಬಂದ್ರು.’